ಮೂರನೆಯ ಕುರ್ರ್

ಕರಪ್ಟ್ ಎಂದರೆ ಲಂಚ ತಿನ್ನುವುದು ಎಂದಷ್ಟೇ ನಾನು ತಿಳಿದಿದ್ದೆ. ಹಾಡೂ ಕರಪ್ಟ್ ಆಗುತ್ತದೆ ಎಂದು ಹೇಳಿಕೊಟ್ಟವನು ಮೈಕ್ ಸೆಟ್ಟಿನ ರಾಘು. ಹೇಳಿಕೊಟ್ಟ ದಿನ ನಾನು ಅವನನ್ನು ಬೈದದ್ದು ಶಿರಸಿ ಬಸ್‌ಸ್ಟ್ಯಾಂಡಿನ ತನಕ ಕೇಳಿಸಿರಬೇಕು. ಖಾನಾವಳಿ ನಡೆಸುವವಳ ಬಾಯಿ ಸಣ್ಣದಾದರೆ ಗಿರಾಕಿಗಳು ತಟ್ಟೆಯನ್ನೂ ತಿಂದು ಹೋಗುತ್ತಾರೆ ಎಂದು ನನ್ನ ತಮ್ಮ ಬಸವರಾಜ ಚೇಷ್ಟೆ ಮಾಡುತ್ತಿದ್ದ. ಈಗ ಅವನು ಚೇಷ್ಟೆ ಮಾಡುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ರಾಘುವಿಗೆ ಆದ ಹಾಗೆ ನಿಮಗೂ ಏನೂ ತಿಳಿಯುವುದಿಲ್ಲ.

ಬನವಾಸಿ ಕಡೆಯ ನಮ್ಮ ಜನರಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಹೆಸರಿಡುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ಅವಳು ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟು 'ಕುರ್ರ್ರ್' ಎಂದು ಮೂರು ಸಲ ಹೇಳಬೇಕು, ಆಮೇಲೆ ಹೆಸರು. ಅವಳು ಹಾಗೆ ಬಗ್ಗಿರುವಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಕುರ್ರ್, ಯಾಕೆ ಗುದ್ದು ಎಂದು ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಾರೆ. ಗುದ್ದುವುದಕ್ಕೆ ಕಾರಣವಾದರೂ ಯಾಕೆ ಬೇಕು? ನನ್ನ ಬಾಯಿಯ ರುಚಿ ಕಂಡ ಹೆಂಗಸರು ಊರ ತುಂಬ ಇದ್ದರು. ಅವರಿಗೆಲ್ಲ ಅದು ಹಬ್ಬ.

ಬಸವರಾಜನಿಗೆ ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಹೆಣ್ಣುಮಗು. ಮೂರನೆಯ ತಿಂಗಳಲ್ಲಿ ಅವನ ಹೆಂಡತಿ ಜ್ಯೋತಿಯ ತವರು ಬನವಾಸಿಯಲ್ಲಿ ಚಪ್ಪರ ಹಾಕಿ ತೊಟ್ಟಿಲು ಕಟ್ಟಿದರು. ಶಿರಸಿಯಿಂದ ಮೈಕ್ ಸೆಟ್ ತರಿಸಿದ್ದರು. ಜ್ಯೋತಿಯ ಅಜ್ಜಿ ಗಿರಿಜವ್ವ ಜೋಗುಳ ಹಾಡಿದಳು. ಬಾಯಲ್ಲಿ ಒಂದು ಹಲ್ಲಿಲ್ಲ, ಆದರೂ ಆ ದನಿಗೆ ಅಡುಗೆ ಮನೆಯಲ್ಲಿದ್ದವರೂ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಹಾಡು ಮುಗಿದ ಮೇಲೆ ನಾನು ತೊಟ್ಟಿಲಿಗೆ ಬಗ್ಗಿದೆ. ಬಸವರಾಜನ ಗೆಳೆಯನೊಬ್ಬ ತಮಾಷೆಗೆ ಮೈಕನ್ನು ತಂದು ನನ್ನ ಬಾಯಿಗೇ ಹಿಡಿದ.

ಕುರ್ರ್ರ್ ಎಂದೆ. ಬೆನ್ನಿಗೆ ಬಿದ್ದವು ನೋಡಿ ಗುದ್ದು! ಜ್ಯೋತಿ ಮಾತ್ರ ಗಂಡನ ಅಕ್ಕನಿಗೆ ಗುದ್ದುವುದು ಹೇಗೆ ಎಂದು ನಾಚಿ ನನ್ನ ಬೆನ್ನಿಗೆ ಬೆರಳು ಮುಟ್ಟಿಸಿದಳಷ್ಟೆ. ಎರಡನೆಯ ಕುರ್ರ್‌ಗೆ ಮಗು ಕಣ್ಣು ದೊಡ್ಡದು ಮಾಡಿತು. ಮೂರನೆಯದು ಮುಗಿಯುತ್ತಲೇ ನಕ್ಕಿತು. ಅಲ್ಲಿಯವರೆಗೆ ಅದರದು ತುಟಿಯ ನಗು, ಸದ್ದಿಲ್ಲದ್ದು. ಗಂಟಲು ಬಿಟ್ಟು ನಕ್ಕದ್ದು ಅದೇ ಮೊದಲು. ಮೈಕು ಅಲ್ಲೇ ಇತ್ತಲ್ಲ, ಇಡೀ ಚಪ್ಪರಕ್ಕೆ ಕೇಳಿತು. ಹೆಂಗಸರು ಗುದ್ದುವುದನ್ನೂ ಮರೆತರು. ಆ ನಗುವಿನ ನಡುವೆಯೇ ನಾನು ಹೆಸರು ಹೇಳಿದೆ, ಸಮೃದ್ಧಿ ಎಂದು.

ಸಮೃದ್ಧಿ ಐದು ತಿಂಗಳು ತುಂಬುವ ಮೊದಲೇ ಹೋದಳು. ಜ್ವರ ಬಂತು, ಜ್ವರ ತಲೆಗೇರಿತು, ಹುಬ್ಬಳ್ಳಿಗೆ ಒಯ್ಯುವ ಹಾದಿಯಲ್ಲಿ ಜ್ಯೋತಿಯ ಮಡಿಲಲ್ಲೇ ತಣ್ಣಗಾದಳು. ಅದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ.

ದುಃಖದ ಮನೆಗೆ ಬುದ್ಧಿ ಹೇಳುವವರು ಬೇಗ ಬರುತ್ತಾರೆ. "ನೋಡಿದಷ್ಟೂ ಸಂಕಟ ಆಕ್ಕೈತಪಾ, ಜ್ಯೋತಿ ಕೈಗೆ ಸಿಗದಂಗ ಎಲ್ಲಾ ಅಳಿಸಿಬಿಡು" ಎಂದು ಹಿರಿಯರು ಬಸವರಾಜನಿಗೆ ಹೇಳಿದರು. ಅವನು ಹೆಂಡತಿಯ ಒಳ್ಳೆಯದಕ್ಕೇ ಎಂದುಕೊಂಡು ಎರಡೂ ಫೋನಿನಿಂದ ಮಗುವಿನ ವಿಡಿಯೋಗಳನ್ನೆಲ್ಲ ಅಳಿಸಿ ಹಾಕಿದ. ಉಳಿದದ್ದು ತೊಟ್ಟಿಲ ದಿನದ ಆಲ್ಬಮ್ಮು ಮತ್ತು ಬಾಡಿಗೆಯ ವಿಡಿಯೋದವನು ಮಾಡಿಕೊಟ್ಟದ್ದು. ಆ ಪುಣ್ಯಾತ್ಮ ಅಲ್ಲಿಯ ಸದ್ದನ್ನೆಲ್ಲ ತೆಗೆದು ಉದ್ದಕ್ಕೂ ಸಿನಿಮಾ ಹಾಡು ಸುರಿದಿದ್ದ, ಮೂಲದ್ದನ್ನೂ ಇಟ್ಟುಕೊಂಡಿರಲಿಲ್ಲ. ಅದರಲ್ಲಿ ನಮ್ಮ ಮಗು ಬಾಯಿ ತೆರೆದು ನಗುತ್ತದೆ, ಕೇಳಿಸುವುದು ಯಾವನೋ ಯಾವಳಿಗೋ ಹಾಡುವ ಪ್ರೇಮಗೀತೆ.

ಜ್ಯೋತಿ ಹಗಲೆಲ್ಲ ನನ್ನ ಖಾನಾವಳಿಗೆ ಬಂದು ರೊಟ್ಟಿ ಬಡಿಯುತ್ತಿದ್ದಳು. ಮಾತಿಲ್ಲ. ನಾನು ಇಬ್ಬರ ಪಾಲಿನದನ್ನೂ ಮಾತಾಡುತ್ತಿದ್ದೆ. ಒಂದು ಮಧ್ಯಾಹ್ನ ಹಿಂದಿನ ಓಣಿಯಿಂದ ಮೈಕಿನ ಸದ್ದು ಬಂತು. ಯಾರದೋ ಮನೆಯ ನಾಮಕರಣ. ನಾನು ಗಿರಾಕಿಯೊಬ್ಬರಿಗೆ ಪಲ್ಯ ಬಡಿಸುತ್ತಿದ್ದೆ. ಆ ದನಿ ಎಲ್ಲೋ ಕೇಳಿದ್ದು ಎನಿಸುವಷ್ಟರಲ್ಲಿ ಜ್ಯೋತಿ ಹಂಚಿನ ಮೇಲೆ ರೊಟ್ಟಿ ಬಿಟ್ಟು ಬರಿಗಾಲಲ್ಲಿ ಓಡಿದ್ದಳು. ಅದು ಗಿರಿಜವ್ವನ ಜೋಗುಳ.

ನಾನೂ ಸೌಟು ಬಿಟ್ಟು ಓಡಿದೆ. ಗುರುತಿಲ್ಲದವರ ಮನೆಯ ಅಂಗಳದಲ್ಲಿ ಜ್ಯೋತಿ ದೊಡ್ಡ ಸೌಂಡ್ ಬಾಕ್ಸಿನ ಮೇಲೆ ಹಿಟ್ಟಿನ ಕೈ ಇಟ್ಟು ನಿಂತಿದ್ದಳು. ಬಾಕ್ಸಿನ ಮೇಲೆ ರಾಘುವಿನ ಅಂಗಡಿಯ ಹೆಸರು ಬರೆದಿತ್ತು. ಜೋಗುಳ ಮುಗಿಯಿತು. ಹೆಂಗಸರು ನಕ್ಕದ್ದು ಕೇಳಿತು, "ಏ, ಗುದ್ರೇ ಆಕಿನ್ನ, ಬಿಡಬ್ಯಾಡ್ರಿ!" ಎಂದು ಯಾರೋ ಕೂಗಿದ್ದು ಕೇಳಿತು. ಇನ್ನು ನನ್ನ ಕುರ್ರ್ ಬರಬೇಕು, ಅದರ ಬೆನ್ನಿಗೆ ಮಗುವಿನ ನಗು. ಜ್ಯೋತಿ ಬಾಕ್ಸಿಗೆ ಕಿವಿ ಹಚ್ಚಿದಳು. ಆದರೆ ಬಾಕ್ಸಿನಿಂದ ಸಿನಿಮಾ ಹಾಡು ಹೊರಟಿತು.

"ಅಕ್ಕಾರ, ಮುಂದಿಂದು ಎಲ್ಲಿ ಹೋತ್ರಿ?" ಎಂದಳು ಜ್ಯೋತಿ. ಅದೇ ಪ್ರಶ್ನೆಯನ್ನು ದಾರಿಯುದ್ದಕ್ಕೂ ಕೇಳಿದಳು. ಖಾನಾವಳಿಯ ಬಾಗಿಲಿಗೆ ಬಂದಾಗ ಹೇಳಿದಳು, "ಆಕಿ ಮುಖ ಆಲ್ಬಮ್ಮಿನಾಗ ಐತ್ರಿ. ದನಿನ ಮರ್ತು ಹೊಂಟೈತಿ. ನಿನ್ನೆ ನೆನಪಾದಷ್ಟು ಇವತ್ತ ಆಗೂದಿಲ್ಲ. ನಾಳಿಗೆ ಏನೂ ಉಳಿಯಂಗಿಲ್ರಿ."

"ಉಳೀತೈತಿ. ಸಂಜಿಯೊಳಗ ತರತೇನಿ" ಎಂದೆ. ಯೋಚನೆ ಮಾಡಿ ಆಡಿದ ಮಾತಲ್ಲ. ನನ್ನ ಬಾಯಿ ಯಾವಾಗ ಯೋಚನೆ ಮಾಡಿದೆ?

ರಾಘು ಸಿದ್ದಾಪುರ ತಾಲೂಕಿನ ನಿಲ್ಕುಂದದವನು. ದಿನಾ ನನ್ನಲ್ಲೇ ಊಟ. ಜೋಳದ ರೊಟ್ಟಿ ಮುಂದಿಟ್ಟರೆ ಅನ್ನ ಕೇಳುವ ಪೈಕಿ, ಆದರೆ ಕೆಟ್ಟವನಲ್ಲ. ನಾನು ಹೋದಾಗ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ. ಆ ಜೋಗುಳ ಎಲ್ಲಿಂದ ಬಂತು ಎಂದು ಕೇಳಿದೆ.

"ಬನವಾಸಿ ತೊಟ್ಟಿಲಾ? ಅದು ಆಗ ನಮ್ಮಲ್ಲಿ ಕೆಲಸಕ್ಕಿದ್ದ ದರ್ಶನ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದದ್ದು ಅಕ್ಕ. ಈಗ ಯಾವ ನಾಮಕರಣಕ್ಕೆ ಹೋದ್ರೂ ಅದೇ ಬೇಕು ಅಂತಾರೆ. ಎಂತಾ ದನಿ ಮಾರಾಯ್ರೆ ಆ ಅಜ್ಜಿದು!"

"ಅದರ ಕಡೀ ತುಂಡು ಎಲ್ಲಿ ಹೋತು?"

ರಾಘು ಖುಷಿಯಿಂದ ನನ್ನ ಕಡೆ ತಿರುಗಿ ಕೂತ. ಅವನ ಕೆಲಸದ ಬಗ್ಗೆ ಯಾರೂ ಕೇಳುವುದಿಲ್ಲವಲ್ಲ, ಪಾಪ. ಹೋದ ವರ್ಷ ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೇ ಹಾಡು ಕೆಟ್ಟು ಕರ್ರ್ ಎಂದಿತಂತೆ. ಹೆಣ್ಣಿನ ಅಪ್ಪ ಎಲ್ಲರೆದುರು ಮರ್ಯಾದೆ ತೆಗೆದನಂತೆ. ನೋಡಿದರೆ ಹಳೆಯ ಹಾರ್ಡ್ ಡಿಸ್ಕು ಸಾಯಲು ಬಂದಿತ್ತು, ಅದರೊಳಗಿನ ಹಾಡುಗಳು ಅಲ್ಲೊಂದು ಇಲ್ಲೊಂದು ಕರಪ್ಟ್ ಆಗಿದ್ದವು. ಮಳೆಗಾಲದಲ್ಲಿ ಕಾರ್ಯಗಳಿಲ್ಲ, ಅಂಗಡಿ ಮುಚ್ಚಿಕೊಂಡು ಕೂತು ಇಡೀ ಕಲೆಕ್ಷನ್ ಸ್ವಚ್ಛ ಮಾಡಿದ. ತೆರೆಯದೇ ಇದ್ದವನ್ನು ಕಂಪ್ಯೂಟರೇ ಹಿಡಿದುಕೊಟ್ಟಿತು. ತೆರೆದರೂ ಒಳಗೆ ಕೆಟ್ಟವನ್ನು ಕಿವಿಯಿಂದಲೇ ಹಿಡಿಯಬೇಕು. ಒಂದೊಂದನ್ನೂ ಹಾಕಿ ಕೇಳಿದ. ನಡುವೆ ಕೆಟ್ಟಿದ್ದರೆ ಅಳಿಸಿದ, ಹಾಡು ಮುಗಿದ ಮೇಲೆ ಕೆಟ್ಟಿದ್ದರೆ ಅಲ್ಲಿಗೆ ಕತ್ತರಿಸಿ ಇಟ್ಟುಕೊಂಡ. ಚಲೋದನ್ನೆಲ್ಲ ಹೊಸ ಡಿಸ್ಕಿಗೆ ಹಾಕಿ ಹಳೆಯದನ್ನು ಗುಜರಿಗೆ ಕೊಟ್ಟ.

"ಈ ಬನವಾಸಿ ತೊಟ್ಟಿಲಿಗೂ ಹಂಗೇ ಆಗಿತ್ತು ಅಕ್ಕ. ಹಾಡು ಪೂರಾ ಚಲೋ ಇತ್ತು. ಹೆಂಗಸರ ಗಲಾಟೆ ಆದದ್ದೇ, ಒಮ್ಮೆಲೇ ಕುರ್ರ್ರ್ ಅಂತ ಬಂತು. ಕಿವಿ ತೂತಾಗೂದೊಂದು ಬಾಕಿ. ಅಲ್ಲಿಗೆ ಕಟ್ ಮಾಡಿ ಕ್ಲೀನ್ ಮಾಡ್ದೆ."

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಹೆಂಗ ಅಂತು?" ಎಂದೆ.

"ಕುರ್ರ್ರ್."

ನಾನು ಅವನ ಮೇಜಿಗೆ ಬಗ್ಗಿ, ಆ ದಿನ ತೊಟ್ಟಿಲಿಗೆ ಬಗ್ಗಿದ ಹಾಗೆಯೇ ಬಗ್ಗಿ, ನಾಲಿಗೆ ಅದುರಿಸಿ ಹೇಳಿದೆ. "ಹಿಂಗಾ?"

ರಾಘು ಹೆಡ್‌ಫೋನನ್ನು ಕೊರಳಿನಿಂದ ತೆಗೆದ. "ಹೌದು. ಇದೇ" ಎಂದ ಮೆಲ್ಲಗೆ.

"ಅದು ಕರಪ್ಟ್ ಅಲ್ಲೋ ಖೋಡಿ! ಅದು ನಾನು!"

ಬಸ್‌ಸ್ಟ್ಯಾಂಡಿನ ತನಕ ಕೇಳಿಸಿರಬೇಕು ಎಂದೆನಲ್ಲ, ಆ ಬೈಗುಳ ಇಲ್ಲಿಂದ ಶುರುವಾಯಿತು. ಅವನ ಕಿವಿಗೆ, ಅವನ ಕಂಪ್ಯೂಟರಿಗೆ, ಅವನ ಮರ್ಯಾದೆ ತೆಗೆದ ಹೆಣ್ಣಿನ ಅಪ್ಪನಿಗೆ ಬೈದೆ, ಯಾರನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಕೊಂಡ.

"ನಮ್ಮ ಬದಿಗೆ ಆ ಪದ್ಧತಿ ಇಲ್ಲ ಅಕ್ಕ. ಕೂಸಿನ ಕಿವೀಲಿ ಹೆಸರು ಹೇಳ್ತಾರೆ, ಕುರ್ರ್ ಅನ್ನೂದಿಲ್ಲ. ನಂಗೆ ಎಂತ ಗೊತ್ತು?"

"ಅದರ ಮುಂದ ಏನಿತ್ತು, ಕೇಳಿದ್ದೇನು?"

"ಇಲ್ಲ. ಕರ್ರ್ ಬಂದಲ್ಲಿ ನಿಲ್ಲಿಸ್ತಿದ್ದೆ. ಎಲ್ಲದಕ್ಕೂ ಹಂಗೇ ಮಾಡಿದ್ದು."

ಸ್ವಲ್ಪ ತಡೆದುಕೊಂಡಿದ್ದರೆ ನಗು ಕೇಳುತ್ತಿತ್ತು ಎಂದೆ. ಯಾವ ಯಂತ್ರ ಕೆಟ್ಟರೂ ಹಾಗೆ ನಗುವುದಿಲ್ಲ ಎಂದು ಅವನಿಗೆ ತಿಳಿಯುತ್ತಿತ್ತು. ಏನು ನಗು ಅಕ್ಕ ಎಂದು ಅವನು ಕೇಳಿದ, ನಾನು ಹೇಳಿದೆ. ಮಗು ಹೋದದ್ದು ಅವನಿಗೆ ಗೊತ್ತಿತ್ತು. ಆ ಮಗುವಿನ ತೊಟ್ಟಿಲೇ ಇದು ಎಂದು ಗೊತ್ತಿರಲಿಲ್ಲ. ರಾಘು ಎದ್ದು ಹೋಗಿ ಬಾಗಿಲಲ್ಲಿ ನಿಂತು, ತಿರುಗಿ ಬಂದು ದರ್ಶನನಿಗೆ ಫೋನು ಹಚ್ಚಿದ.

ದರ್ಶನ ಈಗ ಯಲ್ಲಾಪುರ ತಾಲೂಕಿನ ತನ್ನೂರು ವಜ್ರಳ್ಳಿಯಲ್ಲೇ ಸ್ವಂತ ಮೈಕ್ ಸೆಟ್ ಇಟ್ಟುಕೊಂಡಿದ್ದ. ತೊಟ್ಟಿಲ ದಿನ ರೆಕಾರ್ಡ್ ಮಾಡಿದ ಮೆಮೊರಿ ಕಾರ್ಡು ಅವನ ಹತ್ತಿರವೇ ಇತ್ತು. ಹುಡುಕಿ ನೋಡಿ ಹೇಳಿದ, ಫೈಲಿದೆ, ಪೂರ್ತಿ ಉದ್ದವನ್ನೂ ತೋರಿಸುತ್ತಿದೆ ಎಂದು. ನನಗೆ ಕುಣಿಯಬೇಕು ಎನಿಸಿತು. ಫೋನಿಗೆ ಕಳಿಸು ಎಂದರೆ ಕಳಿಸಲು ಹೋದ, ಅದು ಅರ್ಧಕ್ಕೆ ನಿಂತಿತು. ಮತ್ತೆ ಕಳಿಸಿದ, ಮತ್ತೆ ನಿಂತಿತು. ಅಲ್ಲಿಯ ನೆಟ್‌ವರ್ಕಿನ ಹಣೆಬರಹ ಗೊತ್ತೇ ಇದೆ ಎಂದು ಬೈದುಕೊಂಡು ಹೊರಟೆವು. ಖಾನಾವಳಿಗೆ ಬೀಗ ಹಾಕಿಸಿ, ಸಂಜೆಯೊಳಗೆ ಬರುತ್ತೇನೆ ಎಂದು ಜ್ಯೋತಿಗೆ ಹೇಳಿ ಕಳಿಸಿದೆ.

ರಾಘುವಿನ ಸಾಮಾನಿನ ಗಾಡಿಯಲ್ಲಿ ಹೋದೆವು. ಹಿಂದೆ ಖಾಲಿ ಬಾಕ್ಸುಗಳು ಗುಡುಗುಡು ಎನ್ನುತ್ತಿದ್ದವು. ಅರ್ಧ ದಾರಿಯಲ್ಲಿ ಅವನು ಹೇಳಿದ, "ಆ ಜೋಗುಳ ಎಷ್ಟು ಮನೇಲಿ ಹಾಕಿದ್ದೆ ಅಕ್ಕ. ಕೂಸುಗಳು ಅಳೂದು ನಿಲ್ಲಿಸ್ತಿದ್ದವು." ನಗು ಸಿಕ್ಕಿದ ಮೇಲೆ ಇವನಿಗೆ ಹೋಳಿಗೆ ಮಾಡಿ ಹಾಕಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ. ಜ್ಯೋತಿ ಕೇಳುವಾಗ ಬಸವರಾಜನನ್ನೂ ಪಕ್ಕದಲ್ಲಿ ಕೂರಿಸಬೇಕು ಎಂದುಕೊಳ್ಳುತ್ತಿದ್ದೆ. ಅಳಿಸಿದ ಕೈ ಅವನದು, ಅವನಿಗೂ ಒಳಗೆ ಬೇಯುತ್ತಿತ್ತು.

ದರ್ಶನ ಜಗಲಿಯ ಮೇಲೆ ಎಲ್ಲ ಜೋಡಿಸಿಟ್ಟುಕೊಂಡು ಕಾಯುತ್ತಿದ್ದ. ನಾವು ಕೂರುವ ಮೊದಲೇ ಹಚ್ಚಿದ. ಗಿರಿಜವ್ವ ಹಾಡಿದಳು. ನಡುವೆ ಒಮ್ಮೆ ಗಂಟಲು ಸರಿ ಮಾಡಿಕೊಂಡಳು, ಯಾರದೋ ಬಳೆ ಸದ್ದಾಯಿತು, ತೊಟ್ಟಿಲ ಸರಪಳಿ ಕಿರ್ ಎಂದಿತು. ಹಾಡು ಮುಗಿಯಿತು. ಹೆಂಗಸರ ನಗು. "ಏ, ಗುದ್ರೇ ಆಕಿನ್ನ, ಬಿಡಬ್ಯಾಡ್ರಿ!" ಆಮೇಲೆ ಬಂತು.

ಕುರ್ರ್ರ್.

"ನಾನು! ಇದು ನಾನು!" ಎಂದು ರಾಘುವಿನ ತೋಳು ಹಿಡಿದುಕೊಂಡೆ. ಅವನೂ ನಕ್ಕ, ದರ್ಶನನೂ ನಕ್ಕ. ಇದೊಂದು ಮುಗಿದರೆ ಎರಡನೆಯದು, ಆಮೇಲೆ ಮೂರನೆಯದು. ನಾನು ಕಾದೆ. ಸದ್ದು ಹಾಗೇ ಇತ್ತು. ಮನುಷ್ಯರ ಕುರ್ರ್‌ಗೆ ಎಲ್ಲಾದರೂ ಉಸಿರು ಮುಗಿಯಲೇಬೇಕು. ಅದಕ್ಕೆ ಮುಗಿಯಲಿಲ್ಲ. ಕುರ್ರ್ ಎಂಬುದು ಕರ್ರ್ ಆಗಿ, ಕರ್ರ್ ಎಂಬುದು ತಗಡು ಎಳೆದ ಹಾಗಾಗಿ, ನಿಲ್ಲದೆ ಹೋಗುತ್ತಲೇ ಇತ್ತು. ನನ್ನ ದನಿ ಎಲ್ಲಿ ಮುಗಿಯಿತು, ಆ ದರಿದ್ರದ್ದು ಎಲ್ಲಿ ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ.

ದರ್ಶನ ಮುಂದೆ ಓಡಿಸಿದ. ಅಲ್ಲಿಯೂ ಅದೇ. ಕೊನೆಯ ತುದಿಗೆ ಓಡಿಸಿದ. ಅದೇ.

"ಇದು ಖರೇನೇ ಕರಪ್ಟ್ ಅಕ್ಕ" ಎಂದ ರಾಘು. ಯಾರೂ ನಗಲಿಲ್ಲ. ಕಾರ್ಡನ್ನು ಯಾವಾಗಲೋ ಅವಸರದಲ್ಲಿ ಎಳೆದು ತೆಗೆದದ್ದಕ್ಕೋ, ನೀರು ತಾಗಿದ್ದಕ್ಕೋ, ತನಗೂ ಗೊತ್ತಿಲ್ಲ ಎಂದ ದರ್ಶನ. ಅಳಿಸಿದ ಫೈಲುಗಳನ್ನು ಹುಡುಕಿ ಕೊಡುವ ಒಂದು ಪ್ರೋಗ್ರಾಮು ಅವನ ಕಂಪ್ಯೂಟರಿನಲ್ಲಿತ್ತು. ಅದನ್ನು ಕಾರ್ಡಿನ ಮೇಲೆ ಓಡಿಸಿದರು. ಹೆಸರಿಲ್ಲದ ಚೂರುಚೂರು ಸದ್ದುಗಳು ರಾಶಿ ಬಂದವು. ಯಾವುದೋ ಮಂಗಳವಾದ್ಯ, ಯಾರದೋ ಭಾಷಣ, ಅರ್ಧ ಭಜನೆ. ರಾಘು ಹೆಡ್‌ಫೋನು ಹಾಕಿಕೊಂಡು ಒಂದೊಂದನ್ನೂ ಕೇಳಿದ. ಈ ಸಲ ಎಂಥ ಕರ್ರ್ ಬಂದರೂ ನಿಲ್ಲಿಸಲಿಲ್ಲ, ಕಣ್ಣು ಮುಚ್ಚಿಕೊಂಡು ಕೊನೆಯ ತನಕ ಕೇಳಿದ. ಕಿವಿಗಳು ಕೆಂಪಾಗಿದ್ದವು. ಚಹಾ ಆರಿಹೋಯಿತು. ಕೊನೆಯದನ್ನೂ ಕೇಳಿ ಮುಗಿಸಿ ಹೆಡ್‌ಫೋನು ತೆಗೆದು ನನ್ನ ಮುಖ ನೋಡದೆ ತಲೆಯಾಡಿಸಿದ.

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೈದರೆ ಯಾರನ್ನು ಬೈಯಬೇಕು? ಜ್ಯೋತಿ ಅಳಬಾರದು ಎಂದು ತಮ್ಮ ಅಳಿಸಿದ. ವಿಡಿಯೋ ಚೆಂದ ಕಾಣಲಿ ಎಂದು ಆ ಪುಣ್ಯಾತ್ಮ ಹಾಡು ಸುರಿದ. ಹಾಡು ಸ್ವಚ್ಛ ಕೇಳಲಿ ಎಂದು ಇವನು ಕತ್ತರಿಸಿದ. ಎಲ್ಲರೂ ಒಳ್ಳೆಯದನ್ನೇ ಮಾಡಿದ್ದರು. ಮಗುವಿನ ಒಂದು ನಗು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ದರ್ಶನನ ಜಗಲಿಯ ಮೇಲೆ ಕೂತು ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಗಂಡಸರಿಬ್ಬರು ಏನು ಮಾಡಬೇಕೆಂದು ತಿಳಿಯದೆ ವೈರು ಸುತ್ತುತ್ತಾ ಕೂತರು.

ಬರುವಾಗ ರಾಘು ತಾನು ಸ್ವಚ್ಛ ಮಾಡಿದ ಜೋಗುಳವನ್ನು ನನ್ನ ಫೋನಿಗೆ ಹಾಕಿಕೊಟ್ಟ. "ಇನ್ನು ಇದನ್ನ ಯಾರ ಮನೇಲೂ ಹಾಕೂದಿಲ್ಲ ಅಕ್ಕ" ಎಂದ. ಹಾಕಪ್ಪಾ, ಕೂಸುಗಳು ಮಲಗಲಿ ಎಂದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಜ್ಯೋತಿ ತಲೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ನಡುಮನೆಯಲ್ಲಿ ಕೂತಿದ್ದಳು. ಬಸವರಾಜನ ಇಯರ್‌ಫೋನನ್ನು ಸಿಕ್ಕು ಬಿಡಿಸಿ ಮಡಿಲಲ್ಲಿಟ್ಟುಕೊಂಡಿದ್ದಳು. ಅದನ್ನು ನೋಡಿದ ಮೇಲೆ ಸುಳ್ಳು ಹೇಳಲು ಆಗಲಿಲ್ಲ.

"ಸಿಗಲಿಲ್ಲವ್ವಾ" ಎಂದೆ. ವಜ್ರಳ್ಳಿಯ ತನಕ ಹೋದದ್ದು, ಕಾರ್ಡು ಕೆಟ್ಟದ್ದು, ಎಲ್ಲ ಹೇಳಿದೆ. ಆಕೆ ನನ್ನ ಬಾಯಿಯನ್ನೇ ನೋಡುತ್ತಾ ಕೇಳಿದಳು. ಆಮೇಲೆ, "ಇದ್ದಷ್ಟ ಹಚ್ರಿ ಅಕ್ಕಾರ" ಎಂದಳು.

ಒಂದು ತುದಿ ಆಕೆಯ ಕಿವಿಗೆ, ಒಂದು ನನ್ನ ಕಿವಿಗೆ. ಬಸವರಾಜ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ. ಗಿರಿಜವ್ವ ಹಾಡಿದಳು, ಗಂಟಲು ಸರಿ ಮಾಡಿಕೊಂಡಳು, ಹಾಡಿ ಮುಗಿಸಿದಳು. ಹೆಂಗಸರು ನಕ್ಕರು. "ಗುದ್ರೇ ಆಕಿನ್ನ, ಬಿಡಬ್ಯಾಡ್ರಿ!" ಅಲ್ಲಿಗೆ ಮುಗಿಯಿತು. ಕಿವಿಯಲ್ಲಿ ಏನೂ ಇಲ್ಲ. ಜ್ಯೋತಿ ಇಯರ್‌ಫೋನು ತೆಗೆಯಲಿಲ್ಲ, ಅದು ಮುಂದುವರಿಯುತ್ತದೆ ಎಂಬ ಹಾಗೆ ತಲೆ ವಾಲಿಸಿಕೊಂಡೇ ಕೂತಿದ್ದಳು.

ನನಗೆ ಅದನ್ನು ನೋಡಲಾಗಲಿಲ್ಲ. ಬಗ್ಗಿ, ಆಕೆಯ ಇನ್ನೊಂದು ಕಿವಿಗೆ ಬಾಯಿಟ್ಟು ಕುರ್ರ್ರ್ ಎಂದೆ.

ಜ್ಯೋತಿಯ ಮೈ ಬಿಗಿಯಾಯಿತು. ಬೇಡ ಎನ್ನುತ್ತಾಳೆ ಎಂದುಕೊಂಡೆ. ಆಕೆ ಕೈ ಎತ್ತಿ ನನ್ನ ಬೆನ್ನಿಗೆ ಒಂದು ಗುದ್ದಿದಳು. ಬೆರಳು ಮುಟ್ಟಿಸಿದ್ದಲ್ಲ, ಮುಷ್ಟಿ ಕಟ್ಟಿ ಗುದ್ದಿದ್ದು. ಕುರ್ರ್ರ್ ಎಂದೆ ಎರಡನೆಯ ಸಲ. ಮತ್ತೆ ಗುದ್ದಿದಳು. ಆಮೇಲೆ ಎರಡೂ ಕೈಯಿಂದ ಗುದ್ದಿದಳು, ಗುದ್ದುತ್ತಲೇ ಹೋದಳು. ರೊಟ್ಟಿ ಬಡಿದು ಗಟ್ಟಿಯಾದ ಕೈ, ನನ್ನ ಉಸಿರು ನಿಂತಂತಾಯಿತು. ಬಸವರಾಜ ಓಡಿಬಂದ. ಅವನಿಗೆ ಅಲ್ಲೇ ನಿಲ್ಲು ಎಂದು ಕೈ ಮಾಡಿ, ಇದ್ದ ಉಸಿರನ್ನೆಲ್ಲ ಸೇರಿಸಿ ಮೂರನೆಯದನ್ನು ಹೇಳಿದೆ.

ಅದು ಮುಗಿಯುತ್ತಲೇ ಜ್ಯೋತಿಯ ಕೈ ನಿಂತಿತು. ನಾನು ಬಗ್ಗಿದವಳು ಬಗ್ಗಿಯೇ ಇದ್ದೆ. ಹೊರಗೆ ಯಾವುದೋ ಗಾಡಿ ಹೋಯಿತು.

"ಇಲ್ಲೇ ನಕ್ಕಿತ್ತು, ಹೌದಲ್ರಿ ಅಕ್ಕಾರ?" ಎಂದಳು.

"ಹೌದವ್ವಾ. ಇಲ್ಲೇ."